ಅಪ್ಪ ಕುರಿ ಕೂಡ ಹೋಗ್ಯಾನ

ಕೋಚ್ಕೋರ್, ಕಿರ್ಗಿಸ್ತಾನ
೨೨ ಜೂನ್ ೨೦೨೫, ರವಿವಾರ

ಪ್ರೀತಿಯ ಅವ್ವಾ,

ನಿನ್ನ ಮಗಳು ರಾಜಶ್ರೀಯ ಶರಣು. ನಾನು ಆರಾಮಾಗಿದ್ದೇನೆ. ಕೈಕಾಲು ಗಟ್ಟಿಯಾಗಿವೆ, ಮೂಗಿನ ತುದಿ ಮಾತ್ರ ಬಿಸಿಲಿಗೆ ಸುಲಿದುಹೋಗಿದೆ. ಹೋದಕೂಡಲೇ ಕಾಗದ ಬರೆಯುತ್ತೇನೆ ಎಂದು ಹೇಳಿ ಬಂದವಳು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ದಿನವಿಡೀ ಸೈಕಲ್ ತುಳಿದು ಡೇರೆಯಲ್ಲಿ ಬಿದ್ದರೆ ಪೆನ್ನು ಹಿಡಿಯಲು ಬೆರಳು ಏಳುವುದಿಲ್ಲ. ಇದರ ಫೋಟೋ ತೆಗೆದು ಆನಂದನ ಮೊಬೈಲಿಗೆ ಕಳಿಸುತ್ತೇನೆ. ಅವನು ನಿನ್ನ ಪಕ್ಕ ಕೂತು ಓದಿ ಹೇಳಲಿ. ತಮ್ಮ ಎನಿಸಿಕೊಂಡಿದ್ದಕ್ಕೆ ಅಷ್ಟಾದರೂ ಮಾಡಲಿ.

ಇವತ್ತು ನಮಗೆ ಸೂಟಿ. "ಇವತ್ತ ಯಾರರ ಸೈಕಲ್ ಮುಟ್ಟಿದ್ರ ಕೈ ಮುರೀತೇನಿ ನೋಡು" ಎಂದು ಗೌಸಿಯಾ ಬೆಳಿಗ್ಗೆಯೇ ಹುಕುಂ ಮಾಡಿ ಮುಸುಕೆಳೆದು ಮಲಗಿದಳು. ಇಳಕಲ್ಲಿನ ಗೌಸಿಯಾ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು. ನಿನ್ನ ರೊಟ್ಟಿಯ ಗಂಟು ನನಗಿಂತ ಮೊದಲು ಬಿಚ್ಚುತ್ತಿದ್ದವಳು ಎಂದರೆ ನಿನಗೆ ನೆನಪಾದೀತು. ಅವಳು ಮಲಗಿದ ಮೇಲೆ ನಾನು ಕದ್ದು ಚೈನಿನ ಮಣ್ಣು ತಿಕ್ಕಿದೆ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದೆ. ಈಗ ಸೇಬಿನ ಗಿಡದ ಕೆಳಗೆ ಹಾಲಿಲ್ಲದ ಚಹಾ ಕುಡಿಯುತ್ತ ಕೂತಿದ್ದೇನೆ.

ನಾವು ಇಳಿದುಕೊಂಡ ಮನೆಯ ಅಜ್ಜಿ ಅಂಗಳದಲ್ಲಿ ಉಣ್ಣೆಯ ಹಾಸು ಮಾಡುತ್ತಿದ್ದಾಳೆ. ನಮ್ಮ ಕಂಬಳಿಯ ಹಾಗೆ ನೂಲು ತೆಗೆದು ನೇಯುವುದಿಲ್ಲ. ಉಣ್ಣೆ ಹರಡಿ, ಬಿಸಿನೀರು ಸುರಿದು, ಚಾಪೆಯಲ್ಲಿ ಸುತ್ತಿ ತುಳಿಯುತ್ತಾರೆ. ನನ್ನನ್ನೂ ಕರೆದಳು, ನಾನೂ ಒಂದಷ್ಟು ತುಳಿದೆ. ಸೂಟಿಯ ದಿನವೂ ತುಳಿಯುವುದು ತಪ್ಪಲಿಲ್ಲ ನೋಡು. ಅಪ್ಪ ಬಂದಿದ್ದರೆ ಆ ಉಣ್ಣೆಯನ್ನು ಹಿಂಜಿ, ಮೂಸಿ, ಇದು ಯಾವ ಕುರಿಯದು ಎಂದು ಅಜ್ಜಿಯ ಜೊತೆ ಕನ್ನಡದಲ್ಲೇ ವಾದಕ್ಕೆ ಇಳಿಯುತ್ತಿದ್ದ.

ಸೂಟಿಯ ದಿನದ ತೊಂದರೆ ಇದೇ ಅವ್ವಾ. ತುಳಿಯುವಾಗ ಏರು, ಗಾಳಿ, ನೀರು ಇಷ್ಟೇ ಚಿಂತೆ. ಸುಮ್ಮನೆ ಕೂತರೆ ಅಪ್ಪನ ಕೆಮ್ಮು ಕಿವಿಯಲ್ಲಿ ಕೇಳುತ್ತದೆ. ನಾನು ಹೊರಡುವ ದಿನ ಅವನು ಕಟ್ಟೆಯ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಹೋಗುವುದಿಲ್ಲ ಎಂದು ನಾನು ಹಟ ಹಿಡಿದರೆ, "ದವಾಖಾನಿಯವ್ರೇ ಮನಿಗೆ ಹೋಗಂದಾರ, ನಿಂದೇನವಾ ನಡುವ? ನೀ ಹೋಗಿ ಬಾ" ಅಂದ. ನನ್ನ ಹಣೆಗೂ ಸೈಕಲ್ಲಿಗೂ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹಚ್ಚಿ ಕಳಿಸಿದ.

ಮೊದಮೊದಲು ಫೋನಿನಲ್ಲಿ ಅವನ ದನಿ ಸಿಗುತ್ತಿತ್ತು. ಆಮೇಲೆ ಮಲಗ್ಯಾನ ಅಂದಿರಿ. ಕೆರೂರ ಸಂತಿಗೆ ಹೋಗ್ಯಾನ ಅಂದಿರಿ. ಇವತ್ತು ಬೆಳಿಗ್ಗೆ ವಿಡಿಯೋ ಮಾಡಿದರೆ ನೀನು, "ಕುರಿ ಕೂಡ ಹೊಳಿದಂಡಿಗೆ ಹೋಗ್ಯಾನವಾ, ಅಲ್ಲಿ ಫೋನ್ ಹತ್ತೂದಿಲ್ಲ" ಅಂದೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತಿದ್ದ ಮನುಷ್ಯ ಇಷ್ಟೆಲ್ಲ ತಿರುಗುತ್ತಿದ್ದರೆ ನನ್ನ ಸೈಕಲ್ ಅವನಿಗೇ ಕೊಡಬೇಕು. ನಾಳೆ ನಾವು ದೊಡ್ಡ ಗುಡ್ಡ ಹತ್ತಬೇಕು. ಆಮೇಲೆ ಇಲ್ಲಿಯೂ ಫೋನ್ ಹತ್ತುವುದಿಲ್ಲ. ಅದಕ್ಕೂ ಮೊದಲು ಅವನ ದನಿ ಒಮ್ಮೆ ಕೇಳಬೇಕಿತ್ತು.

ಮಧ್ಯಾಹ್ನ ಒಂದು ಕುರಿಹಿಂಡು ರಸ್ತೆ ತುಂಬ ಹಾದುಹೋಯಿತು. ಆಗ ನಮ್ಮ ಮನೆಯ ರೀತಿ ನೆನಪಾಯಿತು. ಕುರಿಯ ಹಿಂದೆ ಊರು ಬಿಟ್ಟವರಿಗೆ ಮನೆಯ ಕೆಟ್ಟ ಸುದ್ದಿ ಕಳಿಸಬಾರದು, ಅವರು ಬಂದು ಉಂಡ ಮೇಲೆಯೇ ಹೇಳಬೇಕು ಅಲ್ಲವೇ? ಅಜ್ಜ ತೀರಿಕೊಂಡಾಗ ಅಪ್ಪ ಹುನಗುಂದದ ಆಚೆ ಹೊಲಗಳಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ. ಬುತ್ತಿ ಒಯ್ದವರೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಉಂಡು ಕೈ ತೊಳೆದ ಮೇಲೆ ಅವನಿಗೆ ಗೊತ್ತಾಯಿತು. ನಾನು ಸಣ್ಣವಳು, ಬಾಗಿಲ ಹಿಂದೆ ನಿಂತಿದ್ದೆ. "ನನಗ ಮೊದಲ ಹೇಳಬೇಕಿತ್ತು. ಅವ ಹ್ವಾದ ಮ್ಯಾಲೂ ಅವಗ ತಂಬಾಕ ತಗೊಂಡು ಇಟ್ಕೊಂಡೇನಿ" ಎಂದು ಚೀಲ ಮುಂದಿಟ್ಟುಕೊಂಡು ಕೂತಿದ್ದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ನೀವು ನನ್ನನ್ನೂ ಕುರಿ ಹಿಂದೆ ಹೋದವರ ಸಾಲಿಗೆ ಸೇರಿಸಿಬಿಟ್ಟಿರಾ ಅವ್ವಾ? ಸೇರಿಸಬೇಡಿ. ಅಪ್ಪ ಹೇಗಿದ್ದಾನೆ ಎಂದು ಒಂದು ಮಾತು ನೆಟ್ಟಗೆ ಹೇಳು, ನಾನು ತಡೆದುಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಆನಂದನ ಮಗಳಿಗೆ ನನ್ನ ಮುದ್ದು. ಪಕ್ಕದ ಮನೆಯ ಲಾಡಬಿ ಚಿಗವ್ವನಿಗೆ ಸಲಾಂ ಹೇಳು. ಬೀರಪ್ಪ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ,
ರಾಜಶ್ರೀ

ತಾ.ಕ.: ಆನಂದಾ, ಇದನ್ನು ಅವ್ವನ ಕೈ ಹಿಡಿದುಕೊಂಡು ಓದು.

ಅವ್ವಾ, ಮೇಲೆ ಬರೆದದ್ದೆಲ್ಲ ಗೊತ್ತಿದ್ದೇ ಬರೆದೆ. ನಿನ್ನ ಬಾಯಿಂದಲೇ ಬರಲಿ ಎಂದು ಕಾಯೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ಬೆಳಿಗ್ಗೆ ನಿನ್ನ ಹಣೆಯಲ್ಲಿ ಕುಂಕುಮ ಇತ್ತು. ಆದರೆ ಸೆರಗು ಎಳೆದುಕೊಳ್ಳಲು ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ನೀನು ತೊಡುವ ಹಸಿರು ಬಳೆ ಕೈಗೆ ಎಷ್ಟು ಬಿಗಿ ಎಂದರೆ ಬಳೆಗಾರ ಸಾಬೂನು ಹಚ್ಚಿ ಏರಿಸುತ್ತಿದ್ದ. ಇವು ಕೆಂಪು ಬಳೆ, ಲಾಡಬಿ ಚಿಗವ್ವನ ದಪ್ಪ ಕೈಯವು. ಅಪ್ಪ ಇಲ್ಲ ಎಂದು ನನಗೆ ಆಗಲೇ ತಿಳಿಯಿತು. ಯಾವತ್ತು ಹೋದ, ಕೊನೆಗೆ ನನ್ನನ್ನು ಕೇಳಿದನೇ, ಏನೂ ಗೊತ್ತಿಲ್ಲ. ನೀನು ನಗುತ್ತಿದ್ದೆ, ಅದಕ್ಕೆ ನಾನೂ ನಕ್ಕು ಫೋನ್ ಇಟ್ಟೆ. ನಿನ್ನ ಬಳೆ ಒಡೆದ ಮೇಲೆ ಇನ್ನೊಬ್ಬರ ಬಳೆ ಬೇಡಿ ತೊಟ್ಟು ನನ್ನ ಮುಂದೆ ಕೂತೆಯಲ್ಲ, ನನಗೆ ಅದೇ ಸಹಿಸಲಾಗುತ್ತಿಲ್ಲ.

ಈಗಷ್ಟೇ ಗೌಸಿಯಾಗೆ ಹೇಳಿದೆ. "ನಡಿ, ಮನಿಗೆ ಹೋಗೂಣು" ಎಂದವಳೇ ಹಸಿ ಬಟ್ಟೆಗಳನ್ನೇ ಚೀಲಕ್ಕೆ ತುಂಬುತ್ತಿದ್ದಾಳೆ. ನಾಳೆ ಗುಡ್ಡ ಹತ್ತುವುದಿಲ್ಲ, ವಿಮಾನ ಹಿಡಿಯಲು ಹೋಗುತ್ತೇವೆ.

ಓದಿ ಮುಗಿದ ಕೂಡಲೇ ವಿಡಿಯೋ ಮಾಡು ಅವ್ವಾ. ಬರಿಗೈಯಲ್ಲಿ ಮಾಡು.