ಎಲ್ಲರ ಕಣ್ಣಲ್ಲೂ ಒಂದೇ ಚುಕ್ಕೆ

ಮಾರ್ಚ್ 4, ಬೆಳಿಗ್ಗೆ

ಕಣ್ಣಿನ ಒಳಗಿನ ಫೋಟೊ ತೆಗೆಯುವ ಕ್ಯಾಮೆರಾ ಆನ್. ಲೈಟ್ ಆಫ್. ಹೊರಗೆ ಸಾಲು ಕೂತಿದೆ — ಎಲ್ಲರಿಗೂ ಸಕ್ಕರೆ ಕಾಯಿಲೆ, ಎಲ್ಲರಿಗೂ 'ನಂಗೆ ಚೆನ್ನಾಗೇ ಕಾಣತ್ತೆ' ಎಂಬ ಭ್ರಮೆ. ಸ್ಟೂಲ್ ಹತ್ತಿ ಭಾಷಣ ಬಿಗಿದೆ. ಕಾಣುವುದು ಬೇರೆ, ಕಣ್ಣು ನೆಟ್ಟಗಿರುವುದು ಬೇರೆ! ಒಳಗಿನ ರಕ್ತನಾಳಗಳು ಸದ್ದಿಲ್ಲದೆ ಉಬ್ಬುತ್ತವೆ. ಬೀದಿಗೊಂದು ಕ್ಯಾಮೆರಾ ಬೇಕು. ಕ್ಲಿನಿಕ್ಕಿನವರು ನನಗೆ 'ಕರಪತ್ರ' ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಇದನ್ನೆಲ್ಲ ಕಲಿಸಿದ್ದು ಕರಪತ್ರಗಳೇ.

ಅತ್ತೆಗೂ, ಅಂದರೆ ಅಪ್ಪನ ತಂಗಿಗೂ, ಸಕ್ಕರೆ ಕಾಯಿಲೆ; ಅವರು ಮಾತ್ರ ಬರಲೊಲ್ಲರು. "ಬರಿಗಣ್ಣಲ್ಲಿ ಸೂಜಿಗೆ ದಾರ ಪೋಣಿಸ್ತೀನಿ. ನಿನ್ನ ಕೈಲಾಗತ್ತಾ?" ಆಗಲಿಲ್ಲ. ಹೊಲಿಗೆಯೇ ಅವರ ಬದುಕು. ಅದಕ್ಕೇ ನನಗೆ ದಿಗಿಲು.

ಮಾರ್ಚ್ 6

ಬಂದರು! ನನ್ನ ಕಾಟ ತಡೆಯಲಾರದೆ. ಗಲ್ಲ ಊರಿದರು. ಫ್ಲ್ಯಾಶ್. "ಮದುವೇಲೂ ಇಷ್ಟು ಹತ್ತಿರದಿಂದ ಫೋಟೊ ತೆಗೆದಿರ್ಲಿಲ್ಲ ಕಣೇ."

ಚಿತ್ರವನ್ನು ಹಸಿರು ಬೆಳಕಿಗೆ ತಿರುಗಿಸಿದೆ — ಅದರಲ್ಲಿ ರಕ್ತದ ಕೆಂಪು ಕಪ್ಪಾಗಿ ಎದ್ದು ಕಾಣುತ್ತದೆ. ಕಪ್ಪು ಚುಕ್ಕೆ. ಎರಡೂ ಕಣ್ಣಲ್ಲಿ. ಡಾಕ್ಟರಮ್ಮನಿಗೆ ತೋರಿಸುವ ಮೊದಲೇ ನನ್ನ ಬಾಯಿ ಓಡಿತು. "ಅತ್ತೆ, ಶುರುವಾಗಿದೆ."

ಮನೆಗೆ ಬಂದರೆ ಹೊಲಿಗೆ ಯಂತ್ರಕ್ಕೆ ಮುಸುಕು.

ಮಾರ್ಚ್ 7

ವಿಚಿತ್ರ. ಇವತ್ತು ಮೊದಲು ಕೂತ ಹೆಂಗಸಿಗೂ ಚುಕ್ಕೆ. ಆಮೇಲೆ ಮೇಷ್ಟರಿಗೂ. ಮೇಲೆ, ಬಲಕ್ಕೆ, ಅದೇ ಜಾಗ... ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ನಕ್ಕರು. "ಊರಿಗೆಲ್ಲ ಒಂದೇ ಜಾಗದಲ್ಲಿ ಕಾಯಿಲೆ ಬರತ್ತಾ, ಕರಪತ್ರ? ಲೆನ್ಸ್ ಒರೆಸು."

ಧೂಳು.

ಆ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆವು, ಮತ್ತೆ ತೆಗೆಯಲೆಂದು. ಅತ್ತೆಗೆ ಓಡಿಹೋಗಿ ಹೇಳಿದೆ. ಮುಸುಕು ತೆಗೆದರು. ನನ್ನ ಮುಖ ನೋಡಲಿಲ್ಲ. "ಇನ್ನೊಂದ್ಸಲ ಕಣ್ಣು ಗಿಣ್ಣು ಅಂದ್ರೆ ಬಾಯಿಗೇ ಹೊಲಿಗೆ ಹಾಕ್ತೀನಿ."

ಮಾರ್ಚ್ 15

ಭಾಷಣ ನಿಲ್ಲಿಸಿದ್ದೇನೆ. ಸ್ಟೂಲ್ ಮೇಲೆ ಯಾರೋ ಚೀಲ ಇಟ್ಟಿದ್ದಾರೆ.

ಇವತ್ತು ಸುಮ್ಮನೆ, ಕುತೂಹಲಕ್ಕೆ, ಅತ್ತೆಯ ಚಿತ್ರಗಳನ್ನು ತೆರೆದೆ. ಧೂಳಿನ ಜಾಗಕ್ಕೆ ಬೆರಳು ಅಡ್ಡ ಹಿಡಿದೆ. ಎಡಗಣ್ಣಿನಲ್ಲಿ, ನಡುಭಾಗದ ಹತ್ತಿರ — ಇನ್ನೊಂದು. ಬಲಗಣ್ಣಿನಲ್ಲಿಲ್ಲ. ಮೇಷ್ಟರಿಗಿಲ್ಲ. ಯಾರಿಗೂ ಇಲ್ಲ. ದೊಡ್ಡ ಚುಕ್ಕೆಗೆ ಮರುಳಾಗಿ ಸಣ್ಣದನ್ನು ನೋಡೇ ಇರಲಿಲ್ಲ.

ಡಾಕ್ಟರಮ್ಮ ಚಿತ್ರ ಹಿಗ್ಗಿಸಿದರು. ಈ ಸಲ ನಗಲಿಲ್ಲ. "ಮತ್ತೆ ತೆಗೀಬೇಕು. ಕರ್ಕೊಂಡು ಬಾ."

ಯಾವ ಮುಖ ಹೊತ್ತು ಕರೆಯಲಿ?

ಮಾರ್ಚ್ 16, ಸಂಜೆ

ಹೇಳಿಬಿಟ್ಟೆ. ಅತ್ತೆ ಕತ್ತರಿ ಕೆಳಗಿಟ್ಟರು. "ಬರ್ತೀನಿ. ಆದ್ರೆ ಮೊದ್ಲು ನೀನು ಕೂತ್ಕೋ, ಗುಂಡಿ ನಾನು ಒತ್ತೋದು. ನಿನ್ನ ಕಣ್ಣಲ್ಲೂ ಚುಕ್ಕೆ ಬಂತೋ, ಆ ಡಬ್ಬೀನ ಗುಜರಿಗೆ ಹಾಕು."

ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ ಆ ಕಡೆ ಎಂದೂ ಕೂತಿರಲಿಲ್ಲ. ಕೂತೆ. ಕಣ್ಣು ಕೋರೈಸಿತು. ಸ್ಕ್ರೀನಿನ ಮೇಲೆ ನಾನು — ಕಿತ್ತಳೆ ಬಯಲು, ಕವಲೊಡೆದ ನಾಳಗಳು. ಅತ್ತೆ ಮೂಲೆ ಮೂಲೆ ಜಾಲಾಡಿದರು. ಒಂದು ಚುಕ್ಕೆಯೂ ಸಿಗಲಿಲ್ಲ.

"ಸರಿ. ಏಳು."

ಅವರ ಎಡಗಣ್ಣು. ಇದೆ. ಅಲ್ಲೇ. ಬಾಯಿ ಬಿಡಲಿಲ್ಲ, ಡಾಕ್ಟರಮ್ಮನನ್ನು ಕರೆದೆ. ಅವರು ನೋಡಿ, ಸ್ಕ್ರೀನನ್ನು ಅತ್ತೆಯ ಕಡೆ ತಿರುಗಿಸಿದರು.

"ಇಷ್ಟೇನಾ? ಗುಂಡುಸೂಜಿ ತಲೆಗಿಂತ ಚಿಕ್ಕದು."

"ನಾಳ ಉಬ್ಬಿರೋದು. ಚಿಕ್ಕದಿರುವಾಗ್ಲೇ ಸಿಕ್ಕಿದೆ. ಈಗ ಲೇಸರ್ ಗೀಸರ್ ಏನೂ ಬೇಡ. ಸಕ್ಕರೆ, ಬಿಪಿ ಹಿಡಿತದಲ್ಲಿಡಿ. ದಿನಾ ನಡೀರಿ, ಹೊಲೀರಿ. ಫೋಟೊ ಮಾತ್ರ ತಪ್ಪಿಸ್ಬೇಡಿ."

ಅತ್ತೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು.

ಮಾರ್ಚ್ 17, ಬೆಳಿಗ್ಗೆ

ಎದ್ದ ಕೂಡಲೇ ಅತ್ತೆಯ ಪ್ರಶ್ನೆ. "ಆ ಚುಕ್ಕೆ ಮುಂದಿನ ಫೋಟೊದಲ್ಲೂ ಇರತ್ತೇನೇ? ಇಲ್ಲಾ ಮಾಯವಾಗತ್ತಾ?"

ಕರಪತ್ರಗಳನ್ನೆಲ್ಲ ತಿರುವಿದೆ. ಒಂದರಲ್ಲೂ ಇಲ್ಲ. ಗೊತ್ತಿಲ್ಲ ಎಂದೆ.

"ಅಬ್ಬಾ! ನಿಂಗೂ ಗೊತ್ತಿಲ್ದೇ ಇರೋದು ಇದೆಯಾ!" ಎಷ್ಟು ಖುಷಿ ಅವರಿಗೆ.

ಡಾಕ್ಟರಮ್ಮನನ್ನು ಕೇಳಬೇಕು. ಹಳೆಯ ಚಿತ್ರದ ಮೇಲೆ ಹೊಸದನ್ನಿಟ್ಟು ನೋಡಿದರೆ... ಚುಕ್ಕೆ ಹೋದರೆ ನಾಳ ಗುಣವಾದಂತೆಯೇ? ಅಥವಾ —

ಬಾಗಿಲಲ್ಲಿ ಚಪ್ಪಲಿ ಸದ್ದು. "ಏ ಕರಪತ್ರ, ವಾಕಿಂಗಿಗೆ ಬರ್ತೀಯೋ, ಒಬ್ಬಳೇ ಹೋಗ್ಲೋ?"

ಬಂದೆ ಅತ್ತೆ, ಒಂದೇ ಸಾಲು