ಟೊಳ್ಳು ಮೂತಿಯ ಗುಂಡು

ಮಾರ್ಚ್ ೧೪, ಗುರುವಾರ

ಸೋಮವಾರ ನನ್ನ ಮಗ ಡ್ವೇನ್‌ಗೆ ಜೈಲಿನಿಂದ ಬಿಡುಗಡೆ. ಕಳೆದ ಸಲ ನನ್ನ ಮಣಿಕಟ್ಟು ಮುರಿದವನು, ಈ ಸಲ ಕೊಂದೇ ತೀರುತ್ತೇನೆಂದು ಕಾಗದ ಬರೆದಿದ್ದಾನೆ. ಷೆರೀಫನ ಠಾಣೆ ಇಲ್ಲಿಂದ ಮೂವತ್ತು ಮೈಲಿ.

ಬೆಳಿಗ್ಗೆ ಮರ್ಲ್‌ನ ಬಂದೂಕಿನಂಗಡಿಗೆ ಹೋದೆ. ನಲವತ್ತೈದು ಕ್ಯಾಲಿಬರಿನ ದೊಡ್ಡ ಪಿಸ್ತೂಲು ಹಾರಿಸಿ ನೋಡಿದೆ; ಅದು ಹಿಂದಕ್ಕೆ ಒದೆಯುವುದನ್ನು ನನ್ನ ಕೈ ತಡೆಯಲಿಲ್ಲ.

"ಒಂಬತ್ತು ಎಂಎಂ ಪಿಸ್ತೂಲು ಸಾಕು ಕಣಮ್ಮಾ. ದೊಡ್ಡದು ಗುರಿ ತಪ್ಪೋದಕ್ಕಿಂತ ಚಿಕ್ಕದು ತಾಗೋದು ಮೇಲು" ಎಂದ ಮರ್ಲ್.

ನಮ್ಮ ಟ್ರೇಲರ್ ಮನೆಯ ಗೋಡೆ ತೆಳು, ಆಚೆ ಮೊಮ್ಮಗಳು ಮಲಗುತ್ತಾಳೆ ಎಂದೆ. ಮೂತಿ ಟೊಳ್ಳಾದ ಗುಂಡುಗಳ ಡಬ್ಬಿ ಮುಂದಿಟ್ಟ.

"ಇವು ಮೈಯೊಳಗೆ ಹೊಕ್ಕು ಅರಳಿಕೊಳ್ತವೆ. ಆಚೆ ದಾಟೋದು ಕಮ್ಮಿ."

"ಕೊಲ್ಲದೆ ಬರೀ ತಡೆದು ನಿಲ್ಲಿಸೋ ಗುಂಡು ಇಲ್ವಾ, ಮರ್ಲ್?"

"ಅಂಥದ್ದನ್ನ ಯಾರೂ ಮಾಡಿಲ್ಲ. ಯಾರವನು, ಗಂಡನಾ?"

"ಮಗ."

ಮರ್ಲ್ ಡಬ್ಬಿ ಹಿಂದಕ್ಕೆಳೆದುಕೊಂಡ. "ಮನಸ್ಸು ಗಟ್ಟಿ ಇಲ್ದಿದ್ರೆ ಬೇಡಮ್ಮಾ. ಅವನು ಪಿಸ್ತೂಲು ಕಿತ್ಕೊಂಡು ನಿಂಗೇ ಹೊಡೀತಾನೆ."

"ಕೊಡು" ಎಂದೆ. ಪಿಸ್ತೂಲು, ಗುಂಡು ಎರಡೂ ಕೊಟ್ಟ.

ಸಂಜೆ ಮೊಮ್ಮಗಳು ಮೇಸಿ, ಮೆಕರೋನಿ ತಿನ್ನುತ್ತಾ, "ಅಪ್ಪ ಯಾವತ್ತು ಬರ್ತಾನೆ ಅಜ್ಜಿ? ನನ್ನ ಹಲ್ಲು ಬಿದ್ದಿದ್ದು ತೋರಿಸ್ಬೇಕು" ಎಂದಳು. ಸೋಮವಾರ ಎಂದೆ. ಚಪ್ಪಾಳೆ ತಟ್ಟಿದಳು.

ಪಿಸ್ತೂಲು ತುಂಬಿ ದಿಂಬಿನ ಕೆಳಗಿಟ್ಟಿದ್ದೇನೆ. ಹುಟ್ಟಿದಾಗ ಅವನು ಎಂಟು ಪೌಂಡ್ ಇದ್ದ. ಆ ಮೈಯಲ್ಲಿ ಈಗ ನಾನು ಎಲ್ಲಿಗೆ ಗುರಿ ಇಡಲಿ?