ನೀಲಿ ಬಾನಿಯ ಕರೆಂಟು

ಹಲಗೂರು
೧೨-೩-೧೯೪೪

ಅಕ್ಕಿ ಮಿಲ್ಲಿನ ಯಜಮಾನರಾದ ಚಿಕ್ಕಬೋರಯ್ಯನವರಿಗೆ,

ನಮ್ಮವರು ನಿಮ್ಮ ಕರೆಂಟು ಕದಿಯಲಿಲ್ಲ. ಬೆಲ್ಲ, ಸುಣ್ಣ ಹಾಕಿ ಹುದುಗಿಸಿದ ನೀಲಿ ಬಣ್ಣದ ಬಾನಿಗೆ ತಂತಿ ಇಳಿಬಿಟ್ಟು, ಮೀಟರಿನ ಮುಳ್ಳು ಅಲ್ಲಾಡುವುದನ್ನು ನೋಡುತ್ತಿದ್ದರು.

ಮೊನ್ನೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಇಬ್ಬರು ಬಂದು ನನ್ನನ್ನು ಕಂಬಕ್ಕೆ ಬಿಗಿದರು. “ಮಿಲ್ಲಿನ ಕರೆಂಟು ಕದ್ದೀಯೇನ್ಲಾ?” ಎಂದು ಸಲಾಕೆಯಿಂದ ನಮ್ಮವರ ಪಕ್ಕೆ ಮುರಿದರು.

“ಇಲ್ಲ ಕಣಪ್ಪ, ಬಾನೀಲಿರೋ ಸಣ್ಣ ಜೀವಗಳೇ ಕೊಡ್ತವೆ.”

“ಅಂಗಾದ್ರೆ ಕುಡೀಲಾ!”

ತಲೆಯನ್ನು ಬಾನಿಯೊಳಗೆ ಅದುಮಿ, ಕಾಲಾಡುವುದು ನಿಂತ ಮೇಲೆ ಬಿಟ್ಟರು.

ಹೋಗುವಾಗ ಆ ಇಬ್ಬರ ಕೈಗೆ ಬರೀ ಹಳದಿ ನೀರು ಮೆತ್ತಿತ್ತು. ಗಾಳಿ ಸೋಕಿದ ಮೇಲೆ ಅದು ನೀಲಿಯಾಗುತ್ತದೆ. ಮಣ್ಣು ಮಾಡುವ ಮುಂಚೆ ಎಷ್ಟು ತಿಕ್ಕಿದರೂ ಆ ನೀಲಿ ನಮ್ಮವರ ಮುಖದಿಂದ ಹೋಗಲಿಲ್ಲ.

ನಿನ್ನೆ ಪಂಚಾಯಿತಿಯಲ್ಲಿ ನಿಮ್ಮ ಆಳುಗಳೆಲ್ಲ ಕೈ ಚಾಚಿ ತೋರಿಸಿದರು. ಚೊಕ್ಕವಾಗಿದ್ದವು. ಇಂಥ ಬಿಸಿಲಿನಲ್ಲಿ ಶಾಲು ಹೊದ್ದು, ಕೈ ಹೊರಗೆ ತೆಗೆಯದೆ ಆಣೆಯಿಟ್ಟವರು ನೀವು ಮತ್ತು ನಿಮ್ಮ ಮಗ.

ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ. ದಯವಿಟ್ಟು ಇಬ್ಬರೂ ಶಾಲು ಬಿಟ್ಟು ಬನ್ನಿ.

ಇಂತು,
ಬಣ್ಣಗಾರ ಕೆಂಪಸಿದ್ದಯ್ಯನವರ ಹೆಂಡತಿ
ದೇವಿರಮ್ಮ